ಝೀರೋ ಬಿಲ್ಲಿನ ಧರೆಪ್ಪ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ನಟಿಸಿ ಮೂರ್ನಾಲ್ಕು ಸಲ ಶುರು ಮಾಡಿದ್ದೂ ಆಯಿತು. 'ಬನಹಟ್ಟಿಯಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ, ಮಗ್ಗಗಳ ಸದ್ದಿನಿಂದ' ಅಂತ ಒಂದು ಡ್ರಾಫ್ಟು. ಓದಿ ನೋಡಿದರೆ ನನಗೇ ನಾಚಿಕೆಯಾಯಿತು, ಡಿಲೀಟ್ ಮಾಡಿದೆ. 'ಧರೆಪ್ಪ ಒಬ್ಬ ಆದರ್ಶ ಗ್ರಾಹಕ' ಅಂತ ಇನ್ನೊಂದು. ಅದು ಕಥೆಯ ಸಾಲಲ್ಲ, ಸನ್ಮಾನಪತ್ರದ ಸಾಲು. ಅದೂ ಹೋಯಿತು.

ಓದುಗರೇ, ಖರೆ ಹೇಳಿಬಿಡುತ್ತೇನೆ. ಇದು ನನ್ನ ಒಳಗಿನಿಂದ ತಾನಾಗಿ ಬಂದ ಕಥೆಯಲ್ಲ, ಆರ್ಡರ್ ಕೊಟ್ಟು ಬರೆಸಿಕೊಂಡದ್ದು. ಜಮಖಂಡಿಯಲ್ಲಿ ನಮ್ಮ ಓಣಿಯ ಶಿದ್ರಾಮಪ್ಪ ಸರ್ ರಿಟೈರಾದ ಮೇಲೆ ಮನೆಯಲ್ಲಿ ಕೂರಲಾರದೆ ಒಂದು ಸಂಘ ಕಟ್ಟಿದ್ದಾರೆ. ಸಂಘ ಅಂದಮೇಲೆ ಸ್ಮರಣ ಸಂಚಿಕೆ ಬೇಕಲ್ಲ. ಈ ವರ್ಷದ ವಿಷಯ 'ಮನೆಯ ವಿದ್ಯುತ್ ಉಳಿಸೋಣ'.

"ಮೇಡಂ, ಒಂದ ಸಣ್ಣ ಕಥಿ ಬರದು ಕೊಡ್ರಿ. ಓದಿದವ್ರು ಎದ್ದ ಹೋಗಿ ಫ್ಯಾನ್ ಬಂದ್ ಮಾಡಬೇಕು, ಅಂಥಾದ್ದು. ಕಡೀಕ ಛಲೋ ಆಗಬೇಕ ಮತ್ತ," ಎಂದರು.

ನಾನು ಸಾಲೆಯಲ್ಲಿ ಕನ್ನಡ ಕಲಿಸುವವಳು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ಯಾರಾದರೂ ಕಥೆ ಕೇಳಿದರೆ ಇಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆಯ್ತು ಅಂದೆ.

೧ (ಮತ್ತೊಮ್ಮೆ)

ಬನಹಟ್ಟಿಯಲ್ಲಿ ಧರೆಪ್ಪ ಅಂತ ಒಬ್ಬ ನೇಕಾರ. ಹರೆಯದಿಂದ ಬೇರೆಯವರ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸಿದವ. ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ಹೆಂಡತಿ ಶಂಕ್ರೆವ್ವ. ಒಬ್ಬಳೇ ಮಗಳು ಕಾವೇರಿ, ಬೀಳಗಿಗೆ ಕೊಟ್ಟಿದ್ದಾರೆ, ಗಂಡ ಹೆಂಡತಿ ಇಬ್ಬರಿಗೂ ನೌಕರಿ.

ಸಂಚಿಕೆಯ ಹೀರೋ ಅಂದಮೇಲೆ ಒಂದು ಗುಣ ಬೇಕು. ನಾನು ಧರೆಪ್ಪನಿಗೆ ಕರೆಂಟು ಉಳಿಸುವ ಗುಣ ಕೊಟ್ಟೆ. ಕೊಡುವಾಗ ಕೈ ಸ್ವಲ್ಪ ಧಾರಾಳವಾಯಿತು. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆಸಿ, ಎರಡೂ ಕಡೆಗೆ ಒಂದೇ ಬಲ್ಬು ಸಾಕು ಮಾಡಿದ. ಮಗಳು ಕೊಡಿಸಿದ ಫ್ರಿಜ್ಜಿನಲ್ಲಿ ಶಂಕ್ರೆವ್ವನ ಸೀರೆಗಳಿವೆ. ಇಸ್ತ್ರಿ ಬೇಕಾದ ಅಂಗಿ ಹಾಸಿಗೆಯ ಕೆಳಗೆ ಮಲಗುತ್ತದೆ. ಮಿಕ್ಸಿ ಅಟ್ಟದ ಮೇಲೆ, ಚಟ್ನಿ ಒರಳಿನಲ್ಲಿ.

ಫ್ರೀ ಕರೆಂಟು ಬಂತಲ್ಲ, ಆಗ ಹಿಂದಿನ ಬಳಕೆಯ ಸರಾಸರಿ ನೋಡಿ ಯೂನಿಟ್ ಹಂಚಿದರು. ಸಿಕ್ಕಾಪಟ್ಟೆ ಉರಿಸಿದವರಿಗೆ ಜಾಸ್ತಿ ಸಿಕ್ಕಿತು, ಮೊದಲಿನಿಂದ ಉಳಿಸಿಕೊಂಡು ಬಂದ ಧರೆಪ್ಪನಿಗೆ ಕಡಿಮೆ. ಬೇರೆಯವರಾಗಿದ್ದರೆ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ಧರೆಪ್ಪ ಆ ಕಡಿಮೆಯೊಳಗೇ ಝೀರೋ ಬಿಲ್ ಬರಿಸಿದ. ಬಿಲ್ಲಿನ ಚೀಟಿ ಹಿಡಿದು ಓಣಿಯ ಕಟ್ಟೆಯ ಮೇಲೆ ಕೂತ. ಜೀವಮಾನದಲ್ಲಿ ಅವನಿಗೆ ಸಿಕ್ಕ ಒಂದೇ ರ‍್ಯಾಂಕು ಅದು.

(ಇಲ್ಲಿಗೆ ನಿಲ್ಲಿಸಿದ್ದರೆ ಶಿದ್ರಾಮಪ್ಪ ಸರ್ ಖುಷಿಪಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ನಮ್ಮಂಥವರಿಗೆ ಇದೊಂದು ರೋಗ. ಪಾತ್ರ ಸುಖವಾಗಿದ್ದರೆ ಕಥೆಗೆ ಏನೋ ಕಡಿಮೆಯಾಯಿತು ಅನ್ನಿಸುತ್ತದೆ.)

೨

ಧರೆಪ್ಪನಿಗೆ ದಮ್ಮು ಶುರುವಾಯಿತು.

ನಾನು ಕೊಟ್ಟೆ ಅಂದರೆ ಜಂಬವಾದೀತು. ಅಷ್ಟು ವರ್ಷ ಹತ್ತಿಯ ಧೂಳು ಕುಡಿದ ಎದೆ ಅದು, ನಾನು ಬರೆಯದಿದ್ದರೂ ಬರುತ್ತಿತ್ತು. ಮುಧೋಳದ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಮನೆಯಲ್ಲಿ ಆಕ್ಸಿಜನ್ ಮಷಿನ್ ಇಟ್ಟುಕೊಳ್ಳಬೇಕು ಎಂದರು. ದಮ್ಮು ಇರಲಿ ಬಿಡಲಿ, ದಿನವಿಡೀ ನಳಿಕೆ ಮೂಗಿನಲ್ಲಿರಬೇಕು, ಬಿಟ್ಟರೆ ಜೀವಕ್ಕೆ ಅಪಾಯ ಎಂದು ಎರಡೆರಡು ಸಲ ಹೇಳಿದರು. ಕಾವೇರಿಯೂ ಅಳಿಯನೂ ಮಷಿನ್ ತಂದು ಇಟ್ಟು, "ಕರೆಂಟ್ ಬಿಲ್ಲೂ ನಾವ ತುಂಬ್ತೇವಿ ಅಪ್ಪಾ, ನೀ ಬರೇ ಉಸಿರಾಡು," ಎಂದು ಹೇಳಿ ಹೋದರು.

ಮೊಣಕಾಲೆತ್ತರದ ಬಿಳಿ ಡಬ್ಬಿ, ಕೆಳಗೆ ಗಾಲಿ. ಸ್ವಿಚ್ ಹಾಕಿದರೆ ಗುರ್ರ್ ಎನ್ನುತ್ತದೆ. ಮೊದಲ ಸಲ ಸ್ವಿಚ್ ಹಾಕಿದಾಗ ಶಂಕ್ರೆವ್ವ ಗಂಡನ ಮುಖ ನೋಡುತ್ತಿದ್ದಳು. ಧರೆಪ್ಪ ಬಾಗಿಲ ಮೇಲಿನ ಮೀಟರು ನೋಡುತ್ತಿದ್ದ. ಅದರ ಕೆಂಪು ದೀಪ ಅಲ್ಲಿಯವರೆಗೆ ನಿಧಾನಕ್ಕೆ ಮಿಣುಕುತ್ತಿದ್ದದ್ದು ಈಗ ಪಟಪಟ ಹೊಡೆದುಕೊಳ್ಳತೊಡಗಿತ್ತು.

"ಇಲ್ಲಿ ನೋಡ ಬಾ, ಹೆಂಗ ಬಡಕೋಳಾಕತ್ತೈತಿ."

"ನಿಮ್ಮ ದಮ್ಮ ನೋಡ್ಕೋರಿ. ಅದನ್ಯಾಕ ನೋಡ್ತೀರಿ?"

ಅವಳು ನೀರು ತರಲು ಒಳಗೆ ಹೋದಳು. ಬರುವುದರೊಳಗೆ ಮಷಿನ್ ಬಂದ್ ಆಗಿತ್ತು. ಧರೆಪ್ಪ ಸಮಾಧಾನದಿಂದ ಗೋಡೆಗೆ ಒರಗಿ ಕೂತಿದ್ದ.

೪

(ಮೂರನೆಯ ಭಾಗ ಒಂದಿತ್ತು. ಚಿಕ್ಕಪಡಸಲಗಿ ಬ್ಯಾರೇಜಿನ ತುಂಬಿದ ನೀರು, ಸಂಜೆ, ಹಕ್ಕಿ ಅಂತೆಲ್ಲ. ಧರೆಪ್ಪ "ಇದ್ಯಾಕ ಬೇಕ್ರಿ ಬಾಯಾರ, ಸುಮ್ಮನ ದಂಡ" ಎಂದ. ತೆಗೆದುಬಿಟ್ಟೆ. ಅವನು ಹೇಳಿದ್ದರಲ್ಲಿ ನಾನು ಒಪ್ಪಿದ್ದು ಅದೊಂದೇ.)

ಮಷಿನ್ ದಿನಕ್ಕೆ ಹತ್ತಾರು ಸಲ ಬಂದ್ ಆಗತೊಡಗಿದ ಮೇಲೆ ನಾನೇ ಕಥೆಯೊಳಗೆ ಹೋಗಿ ಪಡಸಾಲೆಯಲ್ಲಿ ಕೂತೆ. ಬರೆದವಳಿಗೆ ಅಷ್ಟು ಹಕ್ಕಿಲ್ಲವೇ?

"ಕಾಕಾ, ಯಾಕ ಬಂದ್ ಮಾಡಿದ್ರಿ?"

"ಈಗ ದಮ್ಮ ಇಲ್ರಿ ಬಾಯಾರ. ಆರಾಮ ಅದೇನಿ."

"ಇರ್ಲಿ ಬಿಡ್ಲಿ ಹಚ್ಚಿಕೊಂಡ ಇರ್ರಿ ಅಂದಾರಲ್ಲ ಡಾಕ್ಟರು?"

"ಡಾಕ್ಟರು ಮಗ್ಗ ಓಡಿಸ್ಯಾರೇನ್ರಿ?" ಧರೆಪ್ಪ ನಕ್ಕ. "ಕಂಡಿಕಿ ತೀರಿತಂದ್ರ ಮಗ್ಗ ನಿಲ್ಲಿಸಬೇಕ್ರಿ. ನಿಲ್ಲಸಲಿಲ್ಲಂದ್ರ ಖಾಲಿ ಲಾಳಿ ಓಡತೈತಿ. ಅರಿವಿನೂ ಕೆಡತೈತಿ, ಕರೆಂಟೂ ಹಾಳಾಗತೈತಿ. ನನಗ ದಮ್ಮ ಇಲ್ಲದಾಗ ಇದು ಓಡಾಕತ್ತಿದ್ರ ಖಾಲಿ ಓಡಿಸಿದಂಗ ಅಲ್ರಿ?"

ಮಗ್ಗ ನೋಡದವರಿಗೆ ಹೇಳುತ್ತೇನೆ. ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಸಣ್ಣ ಕಂಡಿಕೆ ಇರುತ್ತದೆ. ನೂಲು ತೀರಿದರೂ ಮಗ್ಗ ಓಡುತ್ತಲೇ ಇದ್ದರೆ ಅರಿವಿಯಲ್ಲಿ, ಅಂದರೆ ಬಟ್ಟೆಯಲ್ಲಿ, ಸಂದು ಬೀಳುತ್ತದೆ, ಮಾಲಕ ಕೂಲಿ ಹಿಡಿಯುತ್ತಾನೆ. ಹಾಗಾಗಿ ಈ ಊರಿನ ನೇಕಾರ ಕಣ್ಣಿಗಿಂತ ಕಿವಿಯಿಂದ ಕೆಲಸ ಮಾಡುತ್ತಾನೆ. ಸದ್ದು ಒಂಚೂರು ಬದಲಾದರೆ ಸಾಕು, ಕೈ ಹಿಡಿಕೆಗೆ ಹೋಗುತ್ತದೆ. ಧರೆಪ್ಪನ ಬಟ್ಟೆಯಲ್ಲಿ ಸಂದು ಹುಡುಕಿ ತೆಗೆದ ಮಾಲಕನಿಲ್ಲ.

ಆ ಕಿವಿಯನ್ನು ಅವನು ಈಗ ತನ್ನ ಎದೆಗೆ ಹಚ್ಚಿದ್ದಾನೆ. ಏದುಸಿರು ಕೇಳಿದರೆ ಚಾಲೂ, ಕೇಳದಿದ್ದರೆ ಬಂದ್. ಆದರೆ ಎದೆ ಮಗ್ಗವಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುವಾಗ ಸದ್ದಾಗುವುದಿಲ್ಲ. ಇಳಿಯುತ್ತಿದೆ ಅನ್ನುವ ಎಚ್ಚರವೇ ಮೊದಲು ಹೋಗುತ್ತದೆ, ಹಗುರ ಅನ್ನಿಸುತ್ತದೆ. ಡಾಕ್ಟರು ಇದನ್ನು ಹೇಳಿದ್ದರು. ನಾನೂ ಹೇಳಿದೆ. ಶಂಕ್ರೆವ್ವ ಅತ್ತು ಹೇಳಿದಳು.

"ಆರಾಮ ಅದೇನಂದ್ರ ಯಾರೂ ನಂಬವಲ್ರಿ," ಎಂದ ಧರೆಪ್ಪ.

೫

ಒಂದು ದಿನ ಮಧ್ಯಾಹ್ನ ಶಂಕ್ರೆವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದಳು. ಧರೆಪ್ಪ ಮೀಟರಿನ ಕೆಳಗೆ ಕೂತಿದ್ದ. ಉಗುರು ನೀಲಿಗಟ್ಟಿದ್ದವು. ಮುಖದಲ್ಲಿ ನಗು. ಅವಳನ್ನು ನೋಡಿ, "ಅವ್ವಾ, ಹಸಿವಾಗೇತಿ," ಎಂದ.

ಅವಳು ಸ್ವಿಚ್ ಹಾಕಿದಳು, ನಳಿಕೆಯನ್ನು ಮೂಗಿಗೆ ಒತ್ತಿ ಹಿಡಿದು ಪಕ್ಕದಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ ಅವನ ಕಣ್ಣಿಗೆ ಗುರುತು ಮರಳಿತು. ಕೇಳಿದ ಮೊದಲ ಮಾತು:

"ಯಾವಾಗಿಂದ ಚಾಲೂ ಐತಿ ಇದು?"

ಈ ಸಾಲು ಬರೆದು ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಭಯವಾಯಿತು, ಸಿಟ್ಟೂ ಬಂತು. ಎರಡು ಪುಟದ ಬೋಧಪ್ರದ ಕಥೆ ಬರೆಯಲು ಕೂತು ಒಬ್ಬ ಮನುಷ್ಯನನ್ನು ಎಲ್ಲಿಗೆ ತಂದು ಕೂರಿಸಿದ್ದೇನೆ ಅನ್ನಿಸಿತು.

ಬರೆದಷ್ಟನ್ನು ಶಿದ್ರಾಮಪ್ಪ ಸರ್‌ಗೆ ವಾಟ್ಸಾಪ್ ಮಾಡಿದೆ. ಕೂಡಲೇ ಫೋನ್ ಬಂತು.

"ಮೇಡಂ, ಇದೇನ್ರಿ, ಉಲ್ಟಾ ಹೊಂಟೈತಲ್ಲ! ನಾವು ಉಳಸ್ರಿ ಅಂತೀವಿ, ನಿಮ್ಮ ಮನಶ್ಯಾ ಉಳಿಸಿ ಉಳಿಸಿ ಸಾಯಾಕ ಹೊಂಟಾನ."

"ನಾನೇನ್ ಮಾಡ್ಲಿ ಸರ್? ಮಾತು ಕೇಳವಲ್ಲ ಅಂವ."

"ನಿಮ್ಮ ಪಾತ್ರ ನಿಮ್ಮ ಮಾತ ಕೇಳಂಗಿಲ್ಲಂದ್ರ ಹೆಂಗ್ರಿ? ಮನಿ ಮ್ಯಾಲ ಸೋಲಾರ್ ಹಾಕಿಸಿಬಿಡ್ರಿ. ಮುಗೀತು. ವಿಷಯಕ್ಕೂ ಬರೋಬರಿ ಆಗತೈತಿ."

ಹೌದಲ್ಲ, ನನಗ್ಯಾಕೆ ಹೊಳೆಯಲಿಲ್ಲ!

ಅಂತ್ಯ, ಒಂದನೆಯದು (ಸಂಘದ ಕೃಪೆಯಿಂದ)

ಧರೆಪ್ಪನ ತಗಡಿನ ಮನೆಗೆ ಒಂದೇ ವಾಕ್ಯದಲ್ಲಿ ಸ್ಲ್ಯಾಬ್ ಹಾಕಿಸಿದೆ. ಮೇಲೆ ಸೋಲಾರ್ ಹಲಗೆ ಕೂರಿಸಿದೆ. ನಮ್ಮ ಕಡೆಯ ಬಿಸಿಲಿಗೇನು ಕೊರತೆ? ಕರೆಂಟು ಧಾರಾಳವಾಗಿ ಹರಿಯಿತು. ಮಷಿನ್ ಗುರ್ರ್ ಎನ್ನುತ್ತಿತ್ತು, ಧರೆಪ್ಪ ನಳಿಕೆ ಹಾಕಿಕೊಂಡು ಕೂತ. ನಾನು 'ಮುಗಿಯಿತು' ಎಂದು ಟೈಪ್ ಮಾಡಲು ಕೈ ಎತ್ತಿದ್ದೆ.

"ಬಾಯಾರ, ಮಿಕ್ಕಿದ್ದ ಕರೆಂಟ ವಾಪಸ್ ಲೈನಿಗೆ ಹೊಕ್ಕೈತಂತಲ್ಲ, ಖರೆ ಏನ್ರಿ?"

"ಹೂಂ ಕಾಕಾ."

"ಹಂಗಿದ್ರ ನಾ ಇದನ್ನ ಬಂದ್ ಮಾಡಿದ್ರ ಇನ್ನಟ ಜಾಸ್ತಿ ಹೊಕ್ಕೈತಿ!"

ಸೋಲಾರ್ ಬಂದ ಮೇಲೆ ಅವನು ಮೊದಲಿಗಿಂತ ಹೆಚ್ಚು ಹೊತ್ತು ಬಂದ್ ಮಾಡತೊಡಗಿದ. ಹಲಗೆ ಕಿತ್ತೆ, ಸ್ಲ್ಯಾಬ್ ಕೆಡವಿದೆ, ತಗಡು ಹೊದಿಸಿದೆ. ಕಥೆಯಲ್ಲಿ ಇದಕ್ಕೆ ಖರ್ಚಿಲ್ಲ.

ಅಂತ್ಯ, ಎರಡನೆಯದು

ಕಾವೇರಿಯನ್ನು ಬೀಳಗಿಯಿಂದ ಕರೆಸಿದೆ. ರಜೆ ಹಾಕಿ ಬಂದಳು. ಅಪ್ಪನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು. ಅವಳಿದ್ದಷ್ಟು ದಿನ ಮಷಿನ್ ಒಂದು ಗಳಿಗೆಯೂ ನಿಲ್ಲಲಿಲ್ಲ. ಧರೆಪ್ಪನ ಮುಖಕ್ಕೆ ಬಣ್ಣ ಬಂತು, ಎರಡು ರೊಟ್ಟಿ ತಿಂದ, ಮೊಮ್ಮಗಳ ಸಾಲೆಯ ವಿಷಯ ಕೇಳಿದ. ಶಂಕ್ರೆವ್ವ ಗೋಡೆಗೆ ತಲೆ ಹಚ್ಚಿ ಹಗಲಲ್ಲೇ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆಯೋ.

ಕಾವೇರಿ ಬಸ್ ಹತ್ತಿದ ಮಾರನೇ ದಿನ ಧರೆಪ್ಪ ಬೆಳಗ್ಗೆಯೇ ಸ್ವಿಚ್ ತೆಗೆದ. ಶಂಕ್ರೆವ್ವ ಹಾಕಿದಳು. ಅವನು ತೆಗೆದ. ಅವಳು ಕೈ ಹಿಡಿದಳು.

"ಬಿಡಲೇ. ಆ ಕೂಸು ಇದ್ದಾಗ ಫ್ಯಾನ್ ಎಷ್ಟ ತಿರಗೇತಿ, ಟೀವಿ ಎಷ್ಟ ಹಚ್ಚ್ಯಾಳ, ನೋಡೀಯಿಲ್ಲ? ಅದನ್ನೆಲ್ಲಾ ಸರಿ ಮಾಡಬೇಕು."

ಮಗಳು ತಿರುಗಿಸಿದ ಫ್ಯಾನನ್ನು ತನ್ನ ಉಸಿರಿನಲ್ಲಿ ಮುರಿದುಕೊಳ್ಳಲು ಹೊರಟಿದ್ದ ಅವನು. ನಾನು ಪಾತ್ರಗಳ ಮೇಲೆ ಕೂಗಾಡುವವಳಲ್ಲ. ಅಂದು ಕೂಗಾಡಿದೆ.

"ಕಾಕಾ, ಬಿಲ್ ಮಗಳು ತುಂಬ್ತೇನಿ ಅಂದಾಳ! ಝೀರೋ ಬರಲಿಲ್ಲಂದ್ರ ಏನ್ ಆಕಾಶ ಕಳಚಿ ಬೀಳತೈತೇನ್ರಿ? ಯಾರ ಸಲುವಾಗಿ ಉಳಸಾಕತ್ತೀರಿ ಇದನ್ನ?"

ಅವನು ಮೀಟರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. ಮಾತಾಡುವಾಗ ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಿದ್ದ.

"ರೊಕ್ಕದ ಮಾತಲ್ರಿ ಬಾಯಾರ. ಶೆಡ್ಡಿನ್ಯಾಗ ಅಷ್ಟ ವರ್ಷ ಕರೆಂಟ ಸುಟ್ಟೇನಿ ಖರೆ. ಅದಕ್ಕ ಅರಿವಿ ಕೊಟ್ಟೇನಿ. ಊರೂರಿಗೆ ಹೋಗೈತಿ ನನ್ನ ಕೈಯಾಗಿನ ಅರಿವಿ. ಈ ಮಷಿನ್ ಏನ್ ನೇಯತೈತ್ರಿ? ಬೆಳತನಕ ಓಡತೈತಿ, ಸಂಜೀತನಕ ಓಡತೈತಿ, ಒಂದ ಗೇಣ ಅರಿವಿ ಬರೂದಿಲ್ಲ. ಇಲ್ಲಿ ಕುಂತಂವ ಕುಂತ ಇರ್ತೇನಿ, ಅಷ್ಟ."

(ಇಲ್ಲಿ ನಾನು 'ಅದು ನಿಮ್ಮ ಉಸಿರು ನೇಯತೈತಿ ಕಾಕಾ' ಎಂದು ಬರೆದಿದ್ದೆ. ಧರೆಪ್ಪ ನನ್ನನ್ನು ನೋಡಿ ನಕ್ಕ. ಅಳಿಸಿದೆ.)

ಅಂತ್ಯ, ಮೂರನೆಯದು. ಅಥವಾ ಎಲ್ಲ ಅಳಿಸಿ ಮೊದಲಿಂದ

ತಪ್ಪು ಆ ಗುಣ ಕೊಟ್ಟಲ್ಲೇ ಇದ್ದರೆ ಆ ಗುಣವನ್ನೇ ತೆಗೆದುಬಿಡೋಣ. ಮೊದಲ ಪುಟಕ್ಕೆ ಹೋಗಿ ತಿದ್ದಿದೆ. ಹೊಸ ಧರೆಪ್ಪ ದುಂದುಗಾರ. ಕೋಣೆಯಲ್ಲಿ ಯಾರಿಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಹಗಲಲ್ಲೂ ದೀಪ, ಟೀವಿ ಒಬ್ಬಂಟಿಯಾಗಿ ಒದರುತ್ತದೆ. ಆಕ್ಸಿಜನ್ ಮಷಿನ್ ತನ್ನ ಪಾಡಿಗೆ ಓಡುತ್ತದೆ. ಇವನು ಅದರ ಕಡೆ ನೋಡುವುದೂ ಇಲ್ಲ. ಗಟ್ಟಿಮುಟ್ಟಾಗಿದ್ದಾನೆ. ಬದುಕುತ್ತಾನೆ.

ಶಂಕ್ರೆವ್ವ ಚಹಾ ತಂದು ಅವನ ಮುಂದಿಟ್ಟು, ಮುಖ ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳು.

"ಬಾಯಾರ, ಇಂವ ಯಾರ್ರೀ?"

"ನಿಮ್ಮ ಯಜಮಾನ್ರ ಕಾಕಿ. ಸ್ವಲ್ಪ ತಿದ್ದೇನಿ, ಅಷ್ಟ."

"ಇವ್ರಲ್ಲ ಬಿಡ್ರಿ ನಮ್ಮವ್ರು. ನಮ್ಮವ್ರು ಚಾ ಕೊಟ್ರ ಮೊದಲ ನೀ ಕುಡದೇನು ಅಂತ ಕೇಳ್ತಾರ. ಒಲಿ ಆರಿಸಿದೇನು ಅಂತನೂ ಕೇಳ್ತಾರ. ಎರಡೂ ಕೂಡೇ ಬರ್ತಾವ ಅವ್ರಿಗೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರನ್ನ ಹೊಳ್ಳಿ ಕೊಡ್ರಿ ನನಗ. ಬಂದ್ ಮಾಡ್ಲಿ. ನಾ ಚಾಲೂ ಮಾಡ್ತೇನಿ."

ಕೊಟ್ಟೆ. ಇನ್ನೇನು ಮಾಡಲಿ?

೬

ಹೀಗಾಗಿ ಈಗ ಕಥೆ ನಡೆಯುತ್ತಿರುವುದು ಹೀಗೆ. ಅವನು ಬಂದ್ ಮಾಡುತ್ತಾನೆ, ಅವಳು ಚಾಲೂ ಮಾಡುತ್ತಾಳೆ. ಜಗಳವೂ ಇಲ್ಲ. ಅವಳು ಸ್ನಾನಕ್ಕೆ ಹೋದರೆ ತಂಬಿಗೆ ಸದ್ದಿನ ನಡುವೆ ಕಿವಿ ಇಲ್ಲಿಡುತ್ತಾಳೆ. ಗುರ್ರ್ ನಿಂತರೆ ಒದ್ದೆ ಮೈಯಲ್ಲೇ ಬರುತ್ತಾಳೆ. ಅಂಗಡಿ, ಸಂತೆ, ಮಠ, ಮದುವೆ ಎಲ್ಲ ಬಿಟ್ಟಿದ್ದಾಳೆ. ಓಣಿಯವರು ಬರುತ್ತಾರೆ, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಅವರ ಮನೆಯಲ್ಲೂ ಮಗ್ಗವಿದೆ, ಅಡಿಗೆಯಿದೆ.

ಇದರಲ್ಲಿ ಯಾವ ಅಂತ್ಯವೂ ಇಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಆದರೆ ನಿನ್ನೆ ಶಂಕ್ರೆವ್ವ ತಾನಾಗಿ ನನ್ನನ್ನು ಕರೆದಳು.

"ಬಾಯಾರ, ರನ್ನ ಬೆಳಗಲಿಯಾಗ ನಮ್ಮಕ್ಕ ತಾಯವ್ವ ಕಾಲ ಮುರಕೊಂಡ ಮಲಗ್ಯಾಳ. ಶಂಕ್ರಿ ಬಂದ್ಲೇನು, ಶಂಕ್ರಿ ಬಂದ್ಲೇನು ಅಂತ ಕೇಳಾಕತ್ತಾಳಂತ. ನನ್ನ ಒಂದ ದಿನ ಕಳಸ್ರಿ. ತಲಿ ಹಿಕ್ಕಿ, ಒಂದ ಊಟ ಮಾಡಿಸಿ, ಹೊಳ್ಳಿ ಬರ್ತೇನಿ."

"ಕಾವೇರಿನ್ನ ಕರಸ್ಲೇನ್ರಿ?"

"ಬ್ಯಾಡ್ರಿ. ಅಕಿ ಹೋದ ಮ್ಯಾಲ ಏನಾತು, ನೀವ ನೋಡೀರಿ." ದನಿ ತಗ್ಗಿಸಿ ಹೇಳಿದಳು. "ಬರೇ ಅಕ್ಕನ ಸಲುವಾಗಿ ಅಲ್ರಿ. ನನಗೂ ವಯಸ್ಸ ಆತು. ನಾ ಮೊದಲ ಹ್ವಾದ್ರ ಇವ್ರಿಗೆ ಯಾರು ಸ್ವಿಚ್ ಹಾಕೂದು? ಒಂದ ದಿನ ಬಿಟ್ಟ ನೋಡಬೇಕ್ರಿ ಇವ್ರನ್ನ. ನನ್ನ ಜೀವ ಇದ್ದಾಗನ ನೋಡಬೇಕು."

ಇದಕ್ಕೆ ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ.

೭

ಶಂಕ್ರೆವ್ವ ಹಸಿರು ಸೀರೆ ಉಟ್ಟಿದ್ದಾಳೆ. ಕೈಚೀಲದಲ್ಲಿ ಅಕ್ಕನಿಗೆ ನಾಲ್ಕು ಶೇಂಗಾ ಹೋಳಿಗೆ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಧರೆಪ್ಪನ ಮೂಗಿನಲ್ಲಿ ನಳಿಕೆ ಇದೆ, ಮಷಿನ್ ಓಡುತ್ತಿದೆ.

"ಹೋಗಿ ಬಾ. ಅಕ್ಕನ್ನ ಕೇಳೀನಂತ ಹೇಳು," ಎಂದ. "ನಾ ಬಂದ್ ಮಾಡೂದಿಲ್ಲ. ನಿನ್ನಾಣಿ."

ಅವಳು ಅವನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಬಾಯಾರ, ಇವ್ರನ್ನ ಬರದಾಕಿ ನೀವು. ಖರೆ ಹೇಳಾಕತ್ತಾರೇನ್ರಿ?"

ಓದುಗರೇ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ ಅನ್ನಿಸುತ್ತದೆ. ಆಣೆ ಮಾಡುವಾಗ ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಆದರೆ 'ಆರಾಮ ಅದೇನಿ' ಅನ್ನುವಾಗಲೂ ಇರಲಿಲ್ಲ. ನಾನು ಹೂಂ ಎಂದರೆ ಅವಳು ನಂಬಿ ಹೋಗುತ್ತಾಳೆ. ಇಲ್ಲ ಎಂದರೆ ಹೋಳಿಗೆ ಒಳಗಿಟ್ಟು, ಹಸಿರು ಸೀರೆ ಮಡಚಿ, ಇನ್ನೊಂದು ಸಲ ನನ್ನನ್ನು ಏನೂ ಕೇಳುವುದಿಲ್ಲ. ಅವಳ ಅಕ್ಕ ಬಾಗಿಲು ನೋಡುತ್ತಾ ಮಲಗಿರುತ್ತಾಳೆ.

ಶಿದ್ರಾಮಪ್ಪ ಸರ್ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಾರೆ. ಎತ್ತುತ್ತಿಲ್ಲ. ಬೇಕಾದರೆ ನನ್ನ ಪುಟದಲ್ಲಿ ಯಾವುದಾದರೂ ಜಾಹೀರಾತು ಹಾಕಿಕೊಳ್ಳಲಿ.

ನೀವು ಹೇಳಿ ಅಂತ ನಿಮ್ಮ ತಲೆಗೆ ಕಟ್ಟಬಹುದು, ಬಹಳ ಜನ ಹಾಗೆ ಮಾಡುತ್ತಾರೆ. ಆದರೆ ನೀವು ತಪ್ಪು ಹೇಳಿದರೆ ಬರೆಯಬೇಕಾದವಳು ನಾನೇ. ನನ್ನ ಕೈಲಿ ಆಗುವುದಿಲ್ಲ. ಅವಳು ನಿಂತ ಜಾಗದಿಂದ ಕೈ ಚಾಚಿದರೆ ಸ್ವಿಚ್ ಎಟುಕುತ್ತದೆ. ಒಂದು ಹೆಜ್ಜೆ ಆಚೆ ಇಟ್ಟರೆ ಎಟುಕುವುದಿಲ್ಲ. ಆ ಹೆಜ್ಜೆಯನ್ನು ನಾನು ಬರೆಯುವುದಿಲ್ಲ. ಒಳಗೆ ಬಂದಳು ಎಂದೂ ಬರೆಯುವುದಿಲ್ಲ. ಹೀಗೇ ಇರಲಿ, ಇಬ್ಬರೂ ಇದ್ದಾರಲ್ಲ.

"ಬಾಯಾರ," ಎನ್ನುತ್ತಿದ್ದಾಳೆ ಶಂಕ್ರೆವ್ವ, "ಏನರ ಒಂದ ಹೇಳ್ರಿ. ನಿಂತ ನಿಂತ ಕಾಲ ನೋಯಾಕತ್ತಾವು."